1954ರಲ್ಲಿ ಫ್ರೆಂಚರನ್ನು ಸೋಲಿಸಿದ ಮೇಲೂ ವಿಯೆಟ್ನಾಂ ಅರ್ಧ ದೇಶಕ್ಕೆ ಒಪ್ಪಿದ್ದು ಯಾಕೆ?

ದೊಡ್ಡ ಕಾರಣ, ಮಿತ್ರರಾದ ಚೀನಾ ಮತ್ತು ಸೋವಿಯತ್ ಒಕ್ಕೂಟದ ಒತ್ತಡ. ಮೇ 7ಕ್ಕೆ ಫ್ರೆಂಚ್ ಸೇನಾನೆಲೆ ದಿಯೆನ್ ಬಿಯೆನ್ ಫು ಬಿತ್ತು. ಮರುದಿನವೇ ಜಿನೀವಾದಲ್ಲಿ ಇಂಡೋಚೀನಾ ಮಾತುಕತೆ ಶುರುವಾಯಿತು. ವಿಯೆಟ್ನಾಂ, ಚೀನಾ, ಸೋವಿಯತ್ ಮೂವರೂ ಒಂದೇ ಕಡೆ ಕೂತಿದ್ದರು, ಆದರೆ ಲೆಕ್ಕಾಚಾರ ಬೇರೆ ಬೇರೆ. ಕೊರಿಯಾ ಯುದ್ಧದಲ್ಲಿ ಸುಸ್ತಾಗಿದ್ದ ಚೀನಾಕ್ಕೆ ಅಮೆರಿಕದ ಸೇನೆ ಮತ್ತೆ ಗಡಿ ಹತ್ತಿರ ಬರುವುದು ಬೇಡವಾಗಿತ್ತು.

ಜುಲೈ ಮೊದಲ ವಾರ ಚೀನಾದ ಪ್ರಧಾನಿ ಚೌ ಎನ್‌ಲೈ ತಮ್ಮ ದೇಶದ ಲಿಯುಚೌ ನಗರದಲ್ಲಿ ವಿಯೆಟ್ನಾಂ ನಾಯಕ ಹೋ ಚಿ ಮಿನ್ ಅವರನ್ನು ಭೇಟಿಯಾದರು. ಜಾಸ್ತಿ ಹಟ ಹಿಡಿದರೆ ಅಮೆರಿಕ ಯುದ್ಧಕ್ಕೆ ಇಳಿಯುತ್ತದೆ ಎಂದು ಮನವರಿಕೆ ಮಾಡಿಕೊಟ್ಟರು. ಗೆರೆಯ ಉತ್ತರ ಭಾಗ ಅವರ ಪಾಲಿಗೆ. ವಿಯೆಟ್ನಾಂ ನಿಯೋಗ ಗೆರೆಯನ್ನು ದಕ್ಷಿಣದ 13ನೇ ಅಕ್ಷಾಂಶದಲ್ಲಿ ಕೇಳಿತ್ತು, ಬಿದ್ದದ್ದು 17ರಲ್ಲಿ. ರಣರಂಗದಲ್ಲಿ ಗೆದ್ದವರಿಗೆ ಇದು ಅನ್ಯಾಯವೇ ಅಲ್ವಾ? ಅದಕ್ಕಿಂತ ದೊಡ್ಡ ನಷ್ಟ ಎರಡೂ ಭಾಗ ಒಂದುಗೂಡಿಸಬೇಕಿದ್ದ ಚುನಾವಣೆಯದ್ದು ಅನ್ನಿಸುತ್ತದೆ ನನಗೆ. ಬೇಗ ಆಗಬೇಕೆಂದು ಅವರು ಬಯಸಿದ್ದನ್ನು 1956ರ ಜುಲೈಗೆ ತಳ್ಳಲಾಯಿತು. ಅದು ನಡೆಯಲೇ ಇಲ್ಲ.