1000 ವ್ಯಾಟೋ 1500 ವ್ಯಾಟೋ ಅಂತ ಕೇಳಿದವರಿಗೆ

ಕೊಪ್ಪಳದಲ್ಲಿ ಮನೆಯಲ್ಲೇ ಕೇಕು, ಪಾವು ಮಾಡುತ್ತೀರಿ. ಬೌಲಿನಲ್ಲಿ ಕಣಕ, ಕೇಕಿನ ಹಿಟ್ಟು ಕಲಸಿಕೊಡುವ ಯಂತ್ರ, ಅಂದರೆ ಸ್ಟ್ಯಾಂಡ್ ಮಿಕ್ಸರ್, 1000 ವ್ಯಾಟಿನ 5 ಲೀಟರಿನದು ತಗೊಳ್ಳಬೇಕೋ, 1500 ವ್ಯಾಟಿನ 7 ಲೀಟರಿನದು ತಗೊಳ್ಳಬೇಕೋ, ಜೋಳದ ರೊಟ್ಟಿ ಹಿಟ್ಟೂ ಅದರಲ್ಲೇ ಆಗುತ್ತಾ ಅಂತ ಕೇಳಿದ್ದೀರಿ. ನಾಲ್ಕು ವರ್ಷದ ಹಿಂದೆ ಬಳ್ಳಾರಿಯಲ್ಲಿ ಕೂತು ನಾನೂ ಇದನ್ನೇ ಸಿಕ್ಕವರನ್ನೆಲ್ಲ ಕೇಳಿದ್ದೆ. ಎಲ್ಲರೂ ದೊಡ್ಡದೇ ತಗೋ ಅಂದರು. ತಗೊಂಡೆ. 7 ಲೀಟರ್, 1500 ವ್ಯಾಟ್. ಡಬ್ಬದ ಮೇಲೆ ಆ ಎರಡು ಅಂಕಿಗಳೇ ಎಲ್ಲಕ್ಕಿಂತ ದೊಡ್ಡದಾಗಿದ್ದವು.

ಅಲ್ಲಿವರೆಗೆ ನಾನು ಪಾವಿನ ಕಣಕವನ್ನು ಪರಾತದಲ್ಲಿ ಕೈಯಿಂದಲೇ ನಾದುತ್ತಿದ್ದೆ. ಅರ್ಧ ಕಿಲೋ ಮೈದಾ ಆದರೆ ಕಷ್ಟ ಇಲ್ಲ. ಆರ್ಡರ್ ಬರೋಕೆ ಶುರುವಾದ ಮೇಲೆ ಮಣಿಕಟ್ಟು ನೋಯುತ್ತಿತ್ತು. ಯಂತ್ರ ಬಂದ ಮೂರನೇ ವಾರಕ್ಕೆ ಎದುರು ಮನೆಯವರು 60 ಪಾವು ಹೇಳಿದರು. ಅವರ ಮಗನ ಹುಟ್ಟುಹಬ್ಬ, ಸಂಜೆ ಪಾವ್ ಭಾಜಿ. ನಾನು ಲೆಕ್ಕ ಹಾಕಿದೆ. ಒಂದೂವರೆ ಕಿಲೋ ಮೈದಾ, 900 ಮಿಲಿ ನೀರು, ಬೆಣ್ಣೆ, ಸಕ್ಕರೆ, ಹಾಲಿನ ಪುಡಿ. ಎಲ್ಲ ಸೇರಿ ಎರಡೂವರೆ ಕಿಲೋ ದಾಟುತ್ತದೆ. ಬೌಲು 7 ಲೀಟರಿನದು, ಅರ್ಧ ಕೂಡ ತುಂಬಲಿಲ್ಲ. ಒಂದೇ ಸಲಕ್ಕೆ ಮುಗಿಸಿಬಿಡೋಣ ಅಂತ ಎಲ್ಲವನ್ನೂ ಸುರಿದೆ.

ಮೇ ತಿಂಗಳು, ಬೆಳಿಗ್ಗೆ ಹನ್ನೊಂದು ಗಂಟೆ. ನಮ್ಮೂರಿನ ಮೇ ಹೇಗಿರುತ್ತೆ ಅಂತ ನಿಮಗೆ ಹೇಳಬೇಕಾಗಿಲ್ಲ, ಕೊಪ್ಪಳದಲ್ಲೂ ಅದೇ ಬಿಸಿಲು. ಒಂದನೇ ಸ್ಪೀಡಿನಲ್ಲಿ ಕಣಕ ನಾದುವ ಕೊಕ್ಕೆ ನಿಧಾನಕ್ಕೆ ಸುತ್ತುತ್ತಿತ್ತು. ಐದು ನಿಮಿಷ ನೋಡಿದೆ. ಏನೂ ಆಗುತ್ತಿಲ್ಲ ಅನಿಸಿತು. ಮೂರಕ್ಕೆ ತಿರುಗಿಸಿದೆ. ಕಣಕ ಕೊಕ್ಕೆಯನ್ನು ಅಪ್ಪಿಕೊಂಡು ಮೇಲಕ್ಕೆ ಹತ್ತಿತು. ಕೆಳಗೆ ತಳ್ಳಿ ಐದಕ್ಕೆ ಇಟ್ಟೆ. ಯಂತ್ರ ಕಟ್ಟೆಯ ಮೇಲೆ ಸರಿಯತೊಡಗಿತು. ಅದರ ತಲೆಯನ್ನು ಅಂಗೈಯಿಂದ ಒತ್ತಿ ಹಿಡಿದು ನಿಂತೆ. ಅಂಗೈಗೆ ಬಿಸಿ ತಾಗುತ್ತಿತ್ತು. ಪಡಸಾಲೆಯಿಂದ ಅತ್ತೆ "ಏನೋ ಸುಟ್ಟಂಗೆ ವಾಸನೆ ಬರ್ತೈತಲ್ಲಮ್ಮಾ" ಅಂದರು. ಹೊಸ ಮೋಟರಿನ ವಾಸನೆ ಇರಬೇಕು ಅಂದೆ. ಅದಾಗಿ ಎರಡು ನಿಮಿಷಕ್ಕೆ ಕರಕರ ಅಂತ ಸದ್ದು ಬಂತು. ಮೋಟರ್ ಓಡುತ್ತಲೇ ಇತ್ತು, ಕೊಕ್ಕೆ ಮಾತ್ರ ನಿಂತುಬಿಟ್ಟಿತ್ತು.

ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕಂದ್ರೆ ನಿಮ್ಮ ಪ್ರಶ್ನೆ ಓದಿದರೆ ನೀವೂ ಇದೇ ದಾರಿಯಲ್ಲಿದ್ದೀರಿ ಅನಿಸುತ್ತದೆ.

ನಾನು ಸ್ಟ್ಯಾಂಡ್ ಮಿಕ್ಸರನ್ನು ಮಿಕ್ಸಿ ಅಂದುಕೊಂಡಿದ್ದೆ. ತಪ್ಪಾಗಿದ್ದು ಅಲ್ಲೇ. ಮಿಕ್ಸಿಯಲ್ಲಿ ಚಟ್ನಿ ನುಣ್ಣಗಾಗಬೇಕಂದ್ರೆ ಸ್ಪೀಡ್ ಏರಿಸುತ್ತೇವೆ, ಯಾಕಂದ್ರೆ ಅಲ್ಲಿ ಬ್ಲೇಡ್ ಕೊಚ್ಚಬೇಕು. ಕಣಕವನ್ನು ಕೊಚ್ಚೋದಲ್ಲ. ಹಿಗ್ಗಿಸಬೇಕು, ಮಡಚಬೇಕು, ಮತ್ತೆ ಹಿಗ್ಗಿಸಬೇಕು. ಮೈದಾಕ್ಕೆ ನೀರು ಬಿದ್ದಾಗ ಅದರಲ್ಲಿರುವ ಪ್ರೋಟೀನು ಜಾಲದಂತೆ ಹೆಣೆದುಕೊಳ್ಳುತ್ತದೆ. ಅದೇ ಗ್ಲುಟೆನ್. ಆ ಜಾಲ ಗಟ್ಟಿಯಾಗುತ್ತಾ ಹೋದಂತೆ ಕಣಕ ಕೊಕ್ಕೆಯನ್ನು ಎಳೆದು ಹಿಡಿಯುತ್ತದೆ. ಅಂದರೆ ನಾದಿದಷ್ಟೂ ಯಂತ್ರಕ್ಕೆ ಹೊರೆ ಜಾಸ್ತಿ. ಇದಕ್ಕೆ ಬೇಕಾಗಿದ್ದು ಬಲ, ವೇಗ ಅಲ್ಲ. ನಾನು ಹೊರೆ ಏರುವ ಹೊತ್ತಿಗೆ ಸರಿಯಾಗಿ ವೇಗವನ್ನೂ ಏರಿಸಿದ್ದೆ. ಜೊತೆಗೆ 60 ಪಾವಿನ ಕಣಕ ಒಂದೇ ಉಂಡೆಯಾಗಿ ಬೌಲಿನ ಗೋಡೆಗೆ ಬಡಿಯುತ್ತಿತ್ತು. ಪ್ರತಿ ಬಡಿತದ ಪೆಟ್ಟೂ ಒಳಗಿನ ಗೇರಿನ ಹಲ್ಲಿಗೆ.

ಆಮೇಲೆ ಯಂತ್ರದ ಪುಸ್ತಕ ತೆಗೆದು ಓದಿದೆ. ಹನ್ನೊಂದನೇ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ಎಲ್ಲ ಇತ್ತು. ಈಸ್ಟ್ ಕಣಕಕ್ಕೆ ಗರಿಷ್ಠ 700 ಗ್ರಾಂ ಹಿಟ್ಟು. ಸ್ಪೀಡು 1 ಅಥವಾ 2 ಮಾತ್ರ. ಒಂದೇ ಸಮ 6 ನಿಮಿಷಕ್ಕಿಂತ ಜಾಸ್ತಿ ಓಡಿಸಬಾರದು, ಆಮೇಲೆ 20 ನಿಮಿಷ ಬಿಡುವು. ನಾನು ಎರಡು ಪಟ್ಟಿಗಿಂತ ಜಾಸ್ತಿ ಹಿಟ್ಟನ್ನು 14 ನಿಮಿಷ ಐದನೇ ಸ್ಪೀಡಿನವರೆಗೂ ಓಡಿಸಿದ್ದೆ. 7 ಲೀಟರ್ ಅನ್ನೋದು ಬೌಲಿನಲ್ಲಿ ಎಷ್ಟು ನೀರು ಹಿಡಿಯುತ್ತೆ ಅನ್ನುವ ಲೆಕ್ಕ. ಎಷ್ಟು ಕಣಕ ನಾದುತ್ತೆ ಅನ್ನುವ ಲೆಕ್ಕವೇ ಬೇರೆ.

ಕಂಪನಿಯವರಿಗೆ ಫೋನ್ ಮಾಡಿದರೆ ಮಿತಿ ಮೀರಿ ಬಳಸಿದ್ದೀರಿ, ವಾರಂಟಿ ಬರಲ್ಲ ಅಂದರು. ಕೊನೆಗೆ ನಮ್ಮ ಮನೆಯವರು ಅದನ್ನು ಗೋಣಿಚೀಲದಲ್ಲಿ ಸುತ್ತಿ ಕೌಲ್ ಬಜಾರಿಗೆ ತಗೊಂಡು ಹೋದರು. ನಾನೂ ಹೋದೆ. ಬಳ್ಳಾರಿ ಜೀನ್ಸಿನ ಊರು ಅಲ್ವಾ, ಹೊಲಿಗೆ ಮಿಷನ್ ಮೋಟರ್ ರಿಪೇರಿ ಮಾಡುವವರು ಸಿಗುತ್ತಾರೆ. ಅಂಥ ಒಬ್ಬ ಹಿರಿಯರು ತಲೆ ಭಾಗದ ಸ್ಕ್ರೂ ಬಿಚ್ಚಿ, ಕಪ್ಪು ಗ್ರೀಸನ್ನು ಬಟ್ಟೆಯಿಂದ ಒರೆಸಿ, ಒಂದು ಬಿಳಿ ಗೇರನ್ನು ಎತ್ತಿ ನನ್ನ ಅಂಗೈಗೆ ಇಟ್ಟರು. ನೈಲಾನಿನದು, ಹಳೇ ಎಂಟಾಣೆಗಿಂತ ಸ್ವಲ್ಪ ದೊಡ್ಡದು. ಒಂದು ಕಡೆ ಹಲ್ಲುಗಳು ಸರಿಯಾಗಿದ್ದವು. ಇನ್ನೊಂದು ಕಡೆ ಮೇಣ ಕರಗಿದ ಹಾಗೆ ನುಣ್ಣಗೆ ಹೊಳೆಯುತ್ತಿತ್ತು.

"ಮೋಟ್ರು ಗಟ್ಟಿ ಐತಮ್ಮಾ. ಹಲ್ಲು ಹೋಗ್ಯಾವೆ" ಅಂದರು.

ಹಾಗಾದರೆ ಹಿತ್ತಾಳೆ ಗೇರ್ ಮಾಡಿಸಿ ಹಾಕಿ ಅಂದೆ.

"ಬ್ಯಾಡಮ್ಮಾ. ಇದು ಫ್ಯೂಜ್ ಇದ್ದಂಗೆ. ತಾನು ಹೋಗಿ ಮೋಟ್ರು ಉಳಿಸೈತೆ. ಇಲ್ಲಿ ಹಿತ್ತಾಳೆ ಹಾಕಿದ್ರೆ ಮುಂದಿನ ಸಲ ಮೋಟ್ರೇ ಸುಡ್ತೈತೆ."

ಆಮೇಲೆ ಅವರು ಪಕ್ಕದಲ್ಲಿದ್ದ ಜೀನ್ಸ್ ಪ್ಯಾಂಟ್ ಎತ್ತಿ ಹೊಲಿಗೆಗಳು ಒಂದರ ಮೇಲೊಂದು ಸೇರುವ ದಪ್ಪ ಜಾಗ ತೋರಿಸಿದರು. ಅಲ್ಲಿ ನಾಲ್ಕೈದು ಪದರ ಬಟ್ಟೆ ಇರುತ್ತದೆ. ಚೆನ್ನಾಗಿ ಕೆಲಸ ಗೊತ್ತಿರುವವರು ಅಲ್ಲಿಗೆ ಬಂದಾಗ ಪೆಡಲ್ ಒತ್ತೋದಿಲ್ಲ, ಕೈಯಿಂದ ಚಕ್ರ ತಿರುಗಿಸಿ ಒಂದೊಂದೇ ಹೊಲಿಗೆ ದಾಟಿಸುತ್ತಾರೆ. ಜೋರು ಬಿಟ್ಟರೆ ಸೂಜಿ ಮುರಿಯುತ್ತದೆ. "ನಿಮ್ಮ ಹಿಟ್ಟೂ ಹಂಗೇ ಅಲ್ಲೇನಮ್ಮಾ" ಅಂದರು. ಬೇಕಿಂಗ್ ಬಗ್ಗೆ ನೂರು ವಿಡಿಯೋ ನೋಡಿದ್ದೆ. ಇಷ್ಟು ಸರಿಯಾಗಿ ಯಾರೂ ಹೇಳಿರಲಿಲ್ಲ.

ಗೇರು ಬೆಂಗಳೂರಿನಿಂದ ಬರೋಕೆ 23 ದಿನ ಆಯಿತು. ಗೇರು, ಗ್ರೀಸು, ಕೂಲಿ ಎಲ್ಲ ಸೇರಿ 2,800 ರೂಪಾಯಿ. ಆ ಮಧ್ಯೆ ಬಂದ ನಾಲ್ಕು ಆರ್ಡರ್ ಬಿಟ್ಟೆ. ಅವತ್ತಿನ 60 ಪಾವನ್ನು ಮಾತ್ರ ಬಿಡಲಿಲ್ಲ. ಕಣಕವನ್ನು ಮೂರು ಭಾಗ ಮಾಡಿ ಅತ್ತೆ, ನಾನು, ನನ್ನ ಮಗಳು ಮೂರೂ ಜನ ಪರಾತ ಹಿಡಿದು ಕೂತು ನಾದಿ ಮುಗಿಸಿದೆವು.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಕ್ಷಮಿಸಿ, ನೀವು ಕೇಳಿರುವ ಪ್ರಶ್ನೆಯೇ ಸರಿ ಇಲ್ಲ ಅಂತ ನನ್ನ ಅಭಿಪ್ರಾಯ. ವ್ಯಾಟ್ ಅನ್ನೋದು ಯಂತ್ರ ಗೋಡೆಯ ಸಾಕೆಟ್ಟಿನಿಂದ ಎಳೆಯುವ ಕರೆಂಟಿನ ಲೆಕ್ಕ. ಕೊಕ್ಕೆಯ ತುದಿಗೆ ಎಷ್ಟು ಬಲ ಬರುತ್ತದೆ ಅಂತ ಅದು ಹೇಳೋದಿಲ್ಲ. ಕಿಚನ್‌ಏಡ್ ಕಂಪನಿಯ 4.8 ಲೀಟರಿನ ಆರ್ಟಿಸನ್ ಅನ್ನುವ ಸ್ಟ್ಯಾಂಡ್ ಮಿಕ್ಸರ್ ಬರೀ 300 ವ್ಯಾಟಿನದು, ಆದರೂ ಜನ ಅದರಲ್ಲಿ ವರ್ಷಗಟ್ಟಲೆ ಬ್ರೆಡ್ ಮಾಡುತ್ತಾರೆ. ಅದರ ಪುಸ್ತಕದಲ್ಲೂ ಈಸ್ಟ್ ಕಣಕವನ್ನು 2ನೇ ಸ್ಪೀಡಿನಲ್ಲೇ ನಾದಬೇಕು ಅಂತಿದೆ. ಅದನ್ನೇ ತಗೊಳ್ಳಿ ಅಂತ ಹೇಳುತ್ತಿಲ್ಲ, ಅಷ್ಟು ದುಡ್ಡು ನಾನೂ ಹಾಕಲಾರೆ. 1500 ಅನ್ನುವ ಅಂಕಿ ನೋಡಿ ಮರುಳಾಗಬೇಡಿ ಅಂತಷ್ಟೇ.

ನೀವು ಮಾಡೋದು ಬರೀ ಕೇಕ್ ಆದರೆ ಸ್ಟ್ಯಾಂಡ್ ಮಿಕ್ಸರ್ ಬೇಡವೇ ಬೇಡ. ಕೈಯಲ್ಲಿ ಹಿಡಿಯುವ ಬೀಟರ್ ಸಾಕು. ಉಳಿದ ದುಡ್ಡಿಗೆ ಗ್ರಾಂ ತೋರಿಸುವ ತಕ್ಕಡಿ, ಓವನ್ ಒಳಗಿಡುವ ಥರ್ಮಾಮೀಟರ್ ತಗೊಳ್ಳಿ. ಅವೆರಡರಿಂದ ನನ್ನ ಕೇಕು ಸುಧಾರಿಸಿದಷ್ಟು ಯಂತ್ರದಿಂದ ಸುಧಾರಿಸಲಿಲ್ಲ. ಸ್ಟ್ಯಾಂಡ್ ಮಿಕ್ಸರ್ ಕೊಳ್ಳೋದಾದರೆ ಕಣಕಕ್ಕೆ ಅಂತ ಕೊಳ್ಳಿ. ಆಗ ಅಂಗಡಿಯವರನ್ನು ಒಂದೇ ಪ್ರಶ್ನೆ ಕೇಳಿ: ಒಂದು ಸಲಕ್ಕೆ ಎಷ್ಟು ಗ್ರಾಂ ಹಿಟ್ಟು, ಎಷ್ಟು ನಿಮಿಷ? ಅವರಿಗೆ ಗೊತ್ತಿಲ್ಲದಿದ್ದರೆ ಪುಸ್ತಕ ತೆಗೆಸಿ ಓದಿ. ಪುಸ್ತಕದಲ್ಲೂ ಇಲ್ಲದಿದ್ದರೆ ಆ ಯಂತ್ರ ಬೇಡ. ಬೌಲು ದೊಡ್ಡದಿದ್ದಷ್ಟೂ ಒಳ್ಳೇದು ಅನ್ನೋದೂ ಸುಳ್ಳು. ನನ್ನ 7 ಲೀಟರಿನ ಬೌಲಿನಲ್ಲಿ ಎರಡು ಮೊಟ್ಟೆಯ ಬಿಳಿ ಹಾಕಿದರೆ ನೊರೆ ಬರಿಸುವ ತಂತಿಯ ವಿಸ್ಕ್ ಅದನ್ನು ಮುಟ್ಟೋದೇ ಇಲ್ಲ, ಮೇಲೆ ಗಾಳಿಯಲ್ಲಿ ಸುತ್ತುತ್ತಿರುತ್ತದೆ. ಅಂಗಡಿಯಲ್ಲೇ ಬೌಲಿನ ತಳಕ್ಕೆ ಒಂದು ರೂಪಾಯಿ ನಾಣ್ಯ ಹಾಕಿ, ಚಪ್ಪಟೆ ಬೀಟರ್ ಸಿಕ್ಕಿಸಿ ಕಡಿಮೆ ಸ್ಪೀಡಿನಲ್ಲಿ ಓಡಿಸಿ ನೋಡಿ. ಬೀಟರ್ ಆಗಾಗ ನಾಣ್ಯವನ್ನು ಸ್ವಲ್ಪ ಸರಿಸಬೇಕು. ಮುಟ್ಟದಿದ್ದರೆ ತಳದಲ್ಲಿ ಒಣ ಹಿಟ್ಟು ಹಾಗೇ ಉಳಿಯುತ್ತದೆ. ಕೆಲವು ಯಂತ್ರಗಳಲ್ಲಿ ಇದನ್ನು ಸರಿ ಮಾಡೋಕೆ ಸ್ಕ್ರೂ ಇರುತ್ತದೆ, ನನ್ನದರಲ್ಲಿ ಇಲ್ಲ.

ಜೋಳದ ರೊಟ್ಟಿಯ ವಿಷಯ. ಅದಕ್ಕಂತೂ ಯಂತ್ರ ಬೇಡ. ಜೋಳದಲ್ಲಿ ಗ್ಲುಟೆನ್ ಇಲ್ಲ, ಹಾಗಾಗಿ ಎಷ್ಟು ಸುತ್ತಿಸಿದರೂ ಜಾಲ ಹೆಣೆಯೋದಿಲ್ಲ. ಅಲ್ಲಿ ಹಿಟ್ಟು ಅಂಟಿಕೊಳ್ಳೋದು ಕುದಿಯುವ ನೀರು ಹಾಕಿದಾಗ ಅದರ ಪಿಷ್ಟ ಬೆಂದು ಅಂಟಾಗುವುದರಿಂದ. ಅಷ್ಟಷ್ಟೇ ಹಿಟ್ಟು ತಗೊಂಡು, ಬಿಸಿ ಇರುವಾಗಲೇ ಅಂಗೈ ಬುಡದಿಂದ ಉಜ್ಜಿ ನಾದಿ, ಕೂಡಲೇ ಬಡಿಯಬೇಕು. ನಾನು ಒಂದು ಸಲ ಯಂತ್ರದಲ್ಲಿ ಹಾಕಿ ನೋಡಿದೆ. ಹತ್ತು ರೊಟ್ಟಿಯ ಹಿಟ್ಟು ಒಟ್ಟಿಗೆ ಆಯಿತು, ಆದರೆ ನಾಲ್ಕನೇ ರೊಟ್ಟಿ ಬಡಿಯುವ ಹೊತ್ತಿಗೆ ಉಳಿದದ್ದು ತಣ್ಣಗಾಗಿ ಅಂಚೆಲ್ಲ ಸೀಳಿತು.

ಇನ್ನು ನಮ್ಮ ಕಡೆಯ ಸೆಕೆ. ಬೇರೆ ಊರಿನವರು ಬರೆದಿದ್ದನ್ನು ಇಲ್ಲಿ ಹಾಗೇ ಮಾಡಿದರೆ ಕೆಡುತ್ತದೆ. ಕೇಕಿಗೆ ಬೆಣ್ಣೆ ಸಕ್ಕರೆ ಸೇರಿಸಿ ತಿರುಗಿಸೋದು ಒಳಗೆ ಗಾಳಿ ಹಿಡಿಸೋಕೆ. ಬೆಣ್ಣೆ 18ರಿಂದ 20 ಡಿಗ್ರಿಯಲ್ಲಿ ಮೆತ್ತಗಿದ್ದರೆ ಮಾತ್ರ ಗಾಳಿ ನಿಲ್ಲುತ್ತದೆ. "ಬೆಣ್ಣೆಯನ್ನು ಒಂದು ಗಂಟೆ ಹೊರಗಿಡಿ" ಅಂತ ಬರೆದಿರುತ್ತಾರೆ. ಏಪ್ರಿಲ್‌ನಲ್ಲಿ ನಮ್ಮ ಅಡುಗೆಮನೆಯಲ್ಲಿ ಒಂದು ಗಂಟೆ ಇಟ್ಟರೆ ಎಣ್ಣೆಯಾಗುತ್ತದೆ. ನಾನು ಫ್ರಿಜ್ಜಿನಿಂದ ತೆಗೆದು ಸಣ್ಣಗೆ ಹೆಚ್ಚಿ ಐದೇ ನಿಮಿಷ ಬಿಡುತ್ತೇನೆ. ಸ್ಟೀಲ್ ಬೌಲನ್ನೂ ಅರ್ಧ ಗಂಟೆ ಫ್ರಿಜ್ಜಿನಲ್ಲಿ ಇಡುತ್ತೇನೆ. ಪಾವಿಗೆ ಐಸ್ ಕರಗಿಸಿದ ನೀರನ್ನೇ ಹಾಕುತ್ತೇನೆ. ಕೊಕ್ಕೆ ಉಜ್ಜುವ ಬಿಸಿಗೇ ಕಣಕ ಕಾಯುತ್ತದೆ. ನಾದಿ ಮುಗಿಸಿ ನೋಡಿದಾಗ ಒಮ್ಮೆ ನನ್ನ ಥರ್ಮಾಮೀಟರಿನಲ್ಲಿ 6 ಡಿಗ್ರಿ ಏರಿತ್ತು. ನಾದಿ ಮುಗಿದಾಗ ಕಣಕ 26 ಡಿಗ್ರಿ ಆಸುಪಾಸು ಇದ್ದರೆ ಚೆನ್ನಾಗಿ ಉಬ್ಬುತ್ತದೆ. 35ಕ್ಕೆ ಹೋದರೆ ಬೇಗ ಉಬ್ಬಿ ಹುಳಿ ವಾಸನೆ ಹಿಡಿಯುತ್ತದೆ.

ಈಗ 60 ಪಾವು ಬಂದರೆ 500 ಗ್ರಾಮಿನಂತೆ ಮೂರು ಸಲ ಮಾಡುತ್ತೇನೆ. ಮೊದಲು ಮೈದಾ ನೀರು ಎರಡನ್ನೇ ಕಲಸಿ 25 ನಿಮಿಷ ಮುಚ್ಚಿಡುತ್ತೇನೆ. ಸುಮ್ನೆ ಇಟ್ಟರೂ ಗ್ಲುಟೆನ್ ತಾನೇ ಅರ್ಧ ಹೆಣೆದುಕೊಂಡಿರುತ್ತದೆ, ಯಂತ್ರಕ್ಕೆ ಕೆಲಸ ಕಡಿಮೆ. ಆಮೇಲೆ ಈಸ್ಟು, ಉಪ್ಪು, ಸಕ್ಕರೆ, ಕೊನೆಗೆ ಬೆಣ್ಣೆ. ಎರಡನೇ ಸ್ಪೀಡಿನಲ್ಲಿ 6 ನಿಮಿಷ. ಒಂದು ಚೂರು ಕಣಕ ತೆಗೆದು ಎರಡೂ ಕೈಯಿಂದ ಹಿಗ್ಗಿಸಿ ಕಿಟಕಿಗೆ ಹಿಡಿಯುತ್ತೇನೆ. ಹರಿಯದೆ ತೆಳ್ಳಗೆ ಪೊರೆಯಾಗಿ, ಆಚೆಯ ಬೆರಳಿನ ನೆರಳು ಕಂಡರೆ ಆಯಿತು. ಕಾಣದಿದ್ದರೆ 20 ನಿಮಿಷ ಬಿಟ್ಟು ಮತ್ತೆ ಎರಡು ನಿಮಿಷ. ನಡುವೆ ಯಂತ್ರದ ತಲೆಯ ಮೇಲೆ ಕೈ ಇಟ್ಟು ನೋಡುತ್ತೇನೆ. ಬಿಸಿ ಇದ್ದರೆ ಎಷ್ಟೇ ಅವಸರ ಇದ್ದರೂ ಮುಂದಿನ ಪಾಳಿ ಶುರು ಮಾಡೋದಿಲ್ಲ.

ನೀವು ವಾರಕ್ಕೆ ಎಷ್ಟು ಪಾವು, ಎಷ್ಟು ಕೇಕು ಮಾಡುತ್ತೀರಿ, ಒಂದು ಸಲಕ್ಕೆ ಎಷ್ಟು ಮೈದಾ ಹಾಕುತ್ತೀರಿ ಅಂತ ಇಲ್ಲೇ ಕೆಳಗೆ ಬರೆಯಿರಿ. 500 ಗ್ರಾಂ ಒಳಗೆ ಇದ್ದರೆ ನೀವು ಹೇಳಿದ 5 ಲೀಟರಿನದೇ ಸಾಕಾಗಬಹುದು, ಅದರ ಪುಸ್ತಕದ ಆ ಪುಟದ ಫೋಟೋ ಹಾಕಿ, ನೋಡಿ ಹೇಳುತ್ತೇನೆ.