ಅಮೋನಿಯಾ ಸೊನ್ನೆ ಅಂದರೆ ಟ್ಯಾಂಕ್ ಸುಮ್ಮನೆ ಕೂತಿದೆ ಅಂತಲ್ಲ

ಅಕ್ಕಾ, ನೀವು ಕೇಳಿದ್ದು ಎರಡು. ನಿಮ್ಮ ಮೀನಿನ ಟ್ಯಾಂಕಿನಲ್ಲಿ ಇಷ್ಟು ದಿನ ಟೆಸ್ಟ್ ಕಿಟ್‌ನಲ್ಲಿ ಸೊನ್ನೆ ತೋರಿಸುತ್ತಿದ್ದ ಅಮೋನಿಯಾ, ಫಿಲ್ಟರ್ ಸ್ಪಂಜನ್ನು ನಲ್ಲಿ ಕೆಳಗೆ ತಿಕ್ಕಿ ತೊಳೆದ ಮೇಲೆ 1 ಪಿಪಿಎಂಗೆ (ಲೀಟರಿಗೆ 1 ಮಿಲಿಗ್ರಾಂ) ಏರಿದ್ದು ಯಾಕೆ? ಅಂಗಡಿಯವರು ಹೇಳಿದ ಹಾಗೆ ನೀರೆಲ್ಲ ಚೆಲ್ಲಿ ಹೊಸದು ತುಂಬಬೇಕಾ?

ಪೂರ್ತಿ ಚೆಲ್ಲಬೇಡಿ. ಒಮ್ಮೆಲೇ ನೀರು ಬದಲಾದರೆ ಮೊದಲೇ ಸೋತ ಮೀನಿಗೆ ಇನ್ನೊಂದು ಪೆಟ್ಟು. ಇವತ್ತು ಮೂರನೇ ಒಂದು ಭಾಗ ಬದಲಿಸಿ, ಆಂಟಿ ಕ್ಲೋರಿನ್ ಹಾಕಿದ ನೀರೇ ಇರಲಿ. ಏರ್ ಪಂಪ್ ಜೋರಾಗಿ ಬಿಡಿ. ಎರಡು ದಿನ ಫುಡ್ ಬಂದ್. ಮೀನು ಉಪವಾಸದಿಂದ ಸಾಯುವುದಿಲ್ಲ, ಚಿಂತೆ ಬೇಡ.

ಈಗ ಯಾಕೆ ಅನ್ನೋದು. ಮೀನಿನ ಕಿವಿರಿನಿಂದ ಅಮೋನಿಯಾ ಹೊತ್ತೂ ಗೊತ್ತೂ ಇಲ್ಲದೆ ಬರುತ್ತಲೇ ಇರುತ್ತದೆ. ಕಿಟ್ ಸೊನ್ನೆ ತೋರಿಸುತ್ತಿದ್ದದ್ದು, ಬಂದಷ್ಟನ್ನೂ ಬ್ಯಾಕ್ಟೀರಿಯಾ ಆಗಲೇ ತಿಂದು ಮುಗಿಸುತ್ತಿದ್ದ ಕಾರಣಕ್ಕೆ. ಸಂಜೆ ದಾದರ್ ಸ್ಟೇಶನ್ನಿನ ಪ್ಲಾಟ್‌ಫಾರ್ಮ್ ನೋಡಿ. ಜನ ಯಾವಾಗಲೂ ಅಷ್ಟೇ, ಆದರೆ ಆಗ ನಿಂತಿದ್ದವರು ಈಗ ಅಲ್ಲಿಲ್ಲ. ಒಂದು ಲೋಕಲ್ ರೈಲು ಬರದೆ ತಪ್ಪಲಿ, ಕಾಲಿಡಲು ಜಾಗ ಇರುವುದಿಲ್ಲ. ನಿಮ್ಮಲ್ಲಿ ತಪ್ಪಿದ ಲೋಕಲ್ ಆ ಸ್ಪಂಜು. ಬ್ಯಾಕ್ಟೀರಿಯಾ ಹೆಚ್ಚಾಗಿ ಅದರಲ್ಲೇ ಅಂಟಿಕೊಂಡಿರುತ್ತವೆ, ನೀರಲ್ಲಿ ಕಡಿಮೆ. ತಿಕ್ಕಿದಾಗ ಅರ್ಧ ಹೋದವು, ನಲ್ಲಿಯ ಕ್ಲೋರಿನ್‌ಗೆ ಉಳಿದದ್ದೂ ಹೋದವು. ಇವು ಬೆಳೆಯೋದೂ ನಿಧಾನ. ಹೊಸ ಟ್ಯಾಂಕ್ ಪಳಗಲು 4ರಿಂದ 6 ವಾರ ಬೇಕಾಗೋದು ಅದಕ್ಕೇ.

ಫೋಟೋದಲ್ಲಿ ಜುಹುವಿನ ಚಿಪ್ಪುಗಳು ಕಂಡವು. ಸದ್ಯಕ್ಕೆ ತೆಗೆದಿಡಿ. ನೀರಿನಲ್ಲಿ ಅಮೋನಿಯಾಕ್ಕೆ ಎರಡು ರೂಪ, ಒಂದು ವಿಷ, ಇನ್ನೊಂದು ಅಮೋನಿಯಂ, ಅಷ್ಟು ಅಪಾಯ ಇಲ್ಲ. ಎರಡೂ ಒಂದಕ್ಕೊಂದು ಬದಲಾಗುತ್ತಲೇ ಇರುತ್ತವೆ, ಎಷ್ಟೆಷ್ಟು ಅಂತ ತೀರ್ಮಾನಿಸೋದು ಮುಖ್ಯವಾಗಿ ಪಿಎಚ್, ಅಂದರೆ ನೀರು ಎಷ್ಟು ಆಮ್ಲ, ಎಷ್ಟು ಕ್ಷಾರ ಅನ್ನೋ ಅಳತೆ. 25 ಡಿಗ್ರಿಯಲ್ಲಿ ಪಿಎಚ್ 7 ಇದ್ದರೆ ವಿಷದ ಪಾಲು ಸುಮಾರು ಅರ್ಧ ಪರ್ಸೆಂಟ್. ಪಿಎಚ್ 8 ಆದರೆ 5 ಪರ್ಸೆಂಟ್ ದಾಟುತ್ತದೆ. ಅಂದರೆ ಕಿಟ್ ಅದೇ 1 ತೋರಿಸಿದರೂ ಮೀನಿಗೆ ಹತ್ತು ಪಟ್ಟು ಕಷ್ಟ. ಚಿಪ್ಪು ಕರಗಿದಷ್ಟೂ ಪಿಎಚ್ ಏರುತ್ತದೆ. ಮಾಮೂಲಿ ದಿನಗಳಲ್ಲಿ ನಮ್ಮ ಮುಂಬಯಿಯ ಮೆದು ನೀರಿಗೆ ನಾಲ್ಕು ಚಿಪ್ಪು ಒಳ್ಳೆಯದೇ, ಈಗ ಮಾತ್ರ ಬೇಡ.

ವಾರಕ್ಕೆ ಎಷ್ಟು ನೀರು ಬದಲಿಸಬೇಕು ಅಂತ ಕೆಳಗೆ ಇನ್ನೊಬ್ಬರು ಕೇಳಿದ್ದಾರೆ. ಬ್ಯಾಕ್ಟೀರಿಯಾ ಅಮೋನಿಯಾ ತಿಂದ ಮೇಲೆ ಕೊನೆಗೆ ನೀರಲ್ಲಿ ಉಳಿಯುವ ನೈಟ್ರೇಟ್ ನೋಡಿ ಲೆಕ್ಕ ಹಾಕಿ. ವಾರಕ್ಕೆ 10 ಪಿಪಿಎಂ ಏರುತ್ತದೆ, ನಲ್ಲಿ ನೀರಲ್ಲಿ ನೈಟ್ರೇಟ್ ಇಲ್ಲ ಅಂತಿಟ್ಟುಕೊಳ್ಳಿ. ಪ್ರತಿ ವಾರ ಕಾಲು ಭಾಗ ಬದಲಿಸಿದರೆ ಕೊನೆಗೆ ಅದು 40ಕ್ಕೆ ಬಂದು ನಿಲ್ಲುತ್ತದೆ: 40ರಲ್ಲಿ 10 ತೆಗೆದಿರಿ, ವಾರದಲ್ಲಿ ಮತ್ತೆ 10 ಬಂತು. ಅರ್ಧ ಬದಲಿಸಿದರೆ 20ಕ್ಕೆ ನಿಲ್ಲುತ್ತದೆ. ಶುರುವಿನಲ್ಲಿ ಎಷ್ಟೇ ಇರಲಿ, ನಿಧಾನಕ್ಕೆ ಅಲ್ಲಿಗೇ ಬರುತ್ತದೆ. ಜಾಸ್ತಿ ಮೀನು ತಂದರೆ ಲೆಕ್ಕವೂ ಮೇಲಕ್ಕೆ, ಅಷ್ಟೇ.

ಇನ್ನು ಮೇಲೆ ಸ್ಪಂಜನ್ನು ಟ್ಯಾಂಕಿನಿಂದ ತೆಗೆದ ನೀರಲ್ಲೇ, ಬಕೆಟ್‌ನಲ್ಲಿ ಎರಡು ಸಲ ಹಿಂಡಿ. ಬಿಳಿ ಆಗಬೇಕಿಲ್ಲ. ಕ್ರಾಫರ್ಡ್ ಮಾರ್ಕೆಟ್‌ನಲ್ಲಿ ಬ್ಯಾಕ್ಟೀರಿಯಾ ಬಾಟ್ಲಿ ಸಿಗುತ್ತದೆ, ಆದರೆ ಬಿಸಿಲಲ್ಲಿ ಕೂತ ಬಾಟ್ಲಿಯ ಮೇಲೆ ನನಗೆ ಅಷ್ಟು ನಂಬಿಕೆ ಇಲ್ಲ. ಅದಕ್ಕಿಂತ ನನ್ನ ಹಳೇ ಸ್ಪಂಜಿನ ಅರ್ಧ ಕತ್ತರಿಸಿ ಕೊಡುತ್ತೇನೆ. ಸಂಜೆ ಮುಲುಂಡ್ ಸ್ಟೇಶನ್‌ಗೆ ಬನ್ನಿ. ಒಣಗಬಾರದು, ಮುಚ್ಚಳ ಇರೋ ಡಬ್ಬಿ ತನ್ನಿ.