ಆಧಾರ್ ಕಾರ್ಡು ತಗೊಂಡು ಗುರುವಾರ ಬಾ

ಪ್ರಶ್ನೆ: ನನಗೆ 47 ವರ್ಷ, ಮದುವೆಯಾಗಿ 2001ರಿಂದ ತುಮಕೂರಿನಲ್ಲಿದ್ದೇನೆ. ತವರು ಚಿಕ್ಕನಾಯಕನಹಳ್ಳಿ ಕಡೆಯ ಹಳ್ಳಿ. ಒಬ್ಬಳು ಅಕ್ಕ, ಒಬ್ಬ ತಮ್ಮ. ಅಪ್ಪ ತೀರಿಕೊಂಡು ಹದಿನಾಲ್ಕು ತಿಂಗಳಾಯಿತು. ನಾಲ್ಕು ಎಕರೆ ತೆಂಗಿನ ತೋಟವಿದೆ. ಎರಡು ಎಕರೆ ಅಜ್ಜನ ಕಾಲದ್ದು, ಎರಡು ಎಕರೆ ಅಪ್ಪ ದುಡಿದು ಕೊಂಡಿದ್ದು. ವಿಲ್ ಬರೆದಿಲ್ಲ, ಹಿಂದೆಂದೂ ಪಾಲೂ ಆಗಿಲ್ಲ. ಅಜ್ಜಿ ಈಗಿಲ್ಲ. ಮೂರು ವಾರದ ಹಿಂದೆ ತಮ್ಮ ಫೋನ್ ಮಾಡಿ, "ಚಿಕ್ಕಕ್ಕ, ಗುರುವಾರ ಸಬ್ ರಿಜಿಸ್ಟ್ರಾರ್ ಆಫೀಸ್ ಹತ್ರ ಬಾ. ಆಧಾರ್ ಕಾರ್ಡು, ಎರಡು ಫೋಟೊ ತಗೊಂಡು ಬಾ. ಖಾತೆಗೆ ಒಂದು ಸಹಿ ಬೇಕು" ಎಂದ. ಜ್ವರ ಎಂದು ಸುಳ್ಳು ಹೇಳಿ ತಪ್ಪಿಸಿಕೊಂಡೆ. ಈಗ ಬರುವ ಗುರುವಾರ ಎನ್ನುತ್ತಿದ್ದಾನೆ. ದೊಡ್ಡಕ್ಕ ಸಹಿ ಹಾಕಲು ಒಪ್ಪಿದ್ದಾಳೆ. "ಇರೋನು ಒಬ್ಬ ತಮ್ಮ, ತವರಿನ ಬಾಗಿಲು ಮುಚ್ಕೋಬೇಡ" ಎಂದು ಅಮ್ಮ ಅಳುತ್ತಾರೆ. "ಒಂದು ಗುಂಟೆನೂ ಬಿಡಬೇಡ" ಅಂತ ನಮ್ಮ ಯಜಮಾನರು. ಮಗಳ ಇಂಜಿನಿಯರಿಂಗ್ ಫೀಸಿಗೆ ಸಾಲ ಮಾಡಿದ್ದೇವೆ. ಅಪ್ಪನ ಡಯಾಲಿಸಿಸ್‌ಗೆ ಎರಡು ವರ್ಷ, ವಾರಕ್ಕೆ ಎರಡು ಸಲ ತುಮಕೂರಿಗೆ ಕರೆತಂದವನು ತಮ್ಮನೇ. ಅಪ್ಪನ ಚಪ್ಪಲಿ ಕೈಯಲ್ಲಿ ಹಿಡಿದು ಹೊರಗೆ ಕೂತಿರುತ್ತಿದ್ದ, ನಾನು ಡಬ್ಬಿಯಲ್ಲಿ ಅನ್ನ ಸಾರು ಒಯ್ಯುತ್ತಿದ್ದೆ. ಅವನ ಹತ್ತಿರ ಪಾಲು ಕೇಳಲು ನಾಲಿಗೆ ಏಳುತ್ತಿಲ್ಲ. ರಾತ್ರಿ ನಿದ್ದೆ ಇಲ್ಲ. ಸಹಿ ಹಾಕಲೇ, ಬೇಡವೇ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನಾಲ್ಕು ಎಕರೆ ತೋಟದ ವಿಷಯ ಎರಡೇ ಸಾಲಿನಲ್ಲಿ ಮುಗಿಸಿದ್ದೀರಿ. ಫೋನಿನಲ್ಲಿ ತಮ್ಮ ಆಡಿದ ಮಾತನ್ನು ಮಾತ್ರ ಒಂದಕ್ಷರ ಬಿಡದೆ ಬರೆದಿದ್ದೀರಿ. ನಿಮಗೆ ನೋವಾಗಿದ್ದು ಅಲ್ಲಿ, ಅಲ್ವಾ? ಅವನು ಕೇಳಲಿಲ್ಲ, ಬಾ ಎಂದ. ಪಾಲು ಬಿಟ್ಟುಕೊಡಕ್ಕ ಎಂದು ಬಾಯಿಬಿಟ್ಟು ಕೇಳಿದ್ದರೆ ನೀವು ಅಲ್ಲೇ ಕರಗಿಹೋಗುತ್ತಿದ್ದಿರೇನೋ. ಎರಡು ಫೋಟೊ ಕೇಳಿದ್ದು ಮಾತ್ರ ಮನಸ್ಸಿಗೆ ನಾಟಿಬಿಟ್ಟಿದೆ.

ಮೊದಲು ಆ ಸಹಿ ಏನು ಅನ್ನೋದು ಗೊತ್ತಿರಲಿ. ಖಾತೆಗೆ ಎಂದಿದ್ದಾನೆ. ಅಪ್ಪನ ಹೆಸರಿನಿಂದ ವಾರಸುದಾರರ ಹೆಸರಿಗೆ ಪೌತಿ ಖಾತೆ ಆಗಲು ಮರಣ ಪ್ರಮಾಣ ಪತ್ರ, ವಂಶವೃಕ್ಷ ಇಟ್ಟು ಅರ್ಜಿ ಕೊಟ್ಟರೆ ಸಾಕು. ಅದು ಕಂದಾಯ ಇಲಾಖೆಯ ಕೆಲಸ, ಎಲ್ಲರ ಹೆಸರಿಗೂ ಜಂಟಿಯಾಗಿ ಮಾಡಿಕೊಡುತ್ತಾರೆ. ಅದಕ್ಕೆ ಅಕ್ಕಂದಿರನ್ನು ಸಬ್ ರಿಜಿಸ್ಟ್ರಾರ್ ಮುಂದೆ ನಿಲ್ಲಿಸಬೇಕಾಗಿಲ್ಲ. ಅಲ್ಲಿಗೆ ಕರೆದಿದ್ದಾರೆ ಎಂದರೆ ಬಹುಪಾಲು ಅದು ಹಕ್ಕು ಖುಲಾಸೆ ಪತ್ರ, ಜನ ರಿಲೀಸ್ ಡೀಡ್ ಅಂತಾರಲ್ಲ, ಅದು. ಅಂದರೆ ನನ್ನ ಪಾಲು ಬಿಟ್ಟುಕೊಟ್ಟಿದ್ದೇನೆ ಎಂದು ಬರೆದುಕೊಡುವ ಕಾಗದ. ಪಹಣಿಯಲ್ಲಿ ತಮ್ಮನೊಬ್ಬನ ಹೆಸರು ಬಂದ ಮಾತ್ರಕ್ಕೆ ನಿಮ್ಮ ಹಕ್ಕು ಹೋಗುವುದಿಲ್ಲ. ಈ ಪತ್ರಕ್ಕೆ ಸಹಿ ಹಾಕಿ ರಿಜಿಸ್ಟರ್ ಆಯಿತೋ, ಹೋಯಿತು. ಆಮೇಲೆ ಮೋಸವಾಯಿತು, ಬಲವಂತ ಮಾಡಿದರು ಎಂದು ಕೋರ್ಟಿನಲ್ಲಿ ಸಾಬೀತು ಮಾಡಲು ವರ್ಷಗಟ್ಟಲೆ ಅಲೆಯಬೇಕು.

ಇನ್ನು ಹಕ್ಕಿನ ವಿಷಯ. ಅಪ್ಪ ಸ್ವಂತ ದುಡಿದು ಕೊಂಡ ಎರಡು ಎಕರೆಗೆ ವಿಲ್ ಇಲ್ಲದಿದ್ದರೆ ಅಮ್ಮ, ನೀವಿಬ್ಬರು, ತಮ್ಮ, ನಾಲ್ವರೂ ಸಮ. ಅಂದರೆ ತಲಾ 20 ಗುಂಟೆ. ಅಜ್ಜನ ಕಾಲದ್ದು ಪಿತ್ರಾರ್ಜಿತವಾದರೆ ಅದರಲ್ಲೂ ಹೆಣ್ಣುಮಕ್ಕಳಿಗೆ ಮಗನಷ್ಟೇ ಹಕ್ಕು. ಲೆಕ್ಕ ಮಾತ್ರ ಬೇರೆ ರೀತಿ, ವಕೀಲರ ಹತ್ತಿರ ಹಾಕಿಸಿ. ನಿಮ್ಮ ಅಕ್ಕನ ಮದುವೆ 1992ರಲ್ಲಾಯಿತು, ಆದ್ದರಿಂದ ಅವಳಿಗೆ ಏನೂ ಇಲ್ಲ ಎಂದು ಚಿಕ್ಕಪ್ಪ ಹೇಳಿದರು ಎಂದು ಹಾಳೆಯ ಅಂಚಿನಲ್ಲಿ ಬರೆದಿದ್ದೀರಿ. ಚಿಕ್ಕಪ್ಪ ಪೂರ್ತಿ ಸುಳ್ಳು ಹೇಳಿಲ್ಲ, ಅವರ ಮಾತು ಹಳತಾಗಿದೆ. ದೇಶಕ್ಕಿಂತ ಮೊದಲೇ, 1994ರಲ್ಲಿ, ಕರ್ನಾಟಕ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಟ್ಟಾಗ, ಅದಕ್ಕೂ ಮುಂಚೆ ಮದುವೆಯಾದವರನ್ನು ಹೊರಗಿಟ್ಟಿದ್ದು ನಿಜ. 2005ರ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದ ಕೇಂದ್ರದ ತಿದ್ದುಪಡಿಯಲ್ಲಿ ಮದುವೆಯ ಆ ಅಡ್ಡಿ ಇಲ್ಲ. 2020ರಲ್ಲಿ ಸುಪ್ರೀಂ ಕೋರ್ಟು ಇನ್ನೊಂದು ಗೊಂದಲವನ್ನೂ ಬಿಡಿಸಿತು, ಈ ಹಕ್ಕು ಹುಟ್ಟಿನಿಂದಲೇ ಬರುತ್ತದೆ ಎಂದಿತು. ನಿಮ್ಮ ಮನೆಯಲ್ಲಿ ಹಿಂದೆಂದೂ ಪಾಲಾಗಿಲ್ಲ ಎಂದಿದ್ದೀರಿ. ಹಾಗಾಗಿ ದೊಡ್ಡಕ್ಕನಿಗೂ ಪಾಲಿದೆ. ಅವಳು ಬಿಟ್ಟುಕೊಡುವುದಾದರೆ ಇದೆ ಎಂದು ತಿಳಿದೇ ಬಿಡಲಿ, ಇಲ್ಲ ಎಂದುಕೊಂಡು ಬೇಡ.

"ಮದುವೆಗೆ ಖರ್ಚು ಮಾಡಿದ್ವಲ್ಲ" ಎಂಬ ಮಾತು ಬಂದೇ ಬರುತ್ತದೆ. ಆ ಖರ್ಚು ಪಾಲಿಗೆ ವಜಾ ಅಲ್ಲ. ತಮ್ಮನ ಮದುವೆಯೇನು ಪುಕ್ಕಟೆ ಆಯಿತೇ?

ಇಷ್ಟೆಲ್ಲ ಹೇಳಿದ್ದು ನೀವು ಕೇಸು ಹಾಕಿ ಅಂತಲ್ಲ. ಗೊತ್ತಿದ್ದು ಕೊಡುವುದು ಬೇರೆ, ಗೊತ್ತಿಲ್ಲದೆ ಕಳೆದುಕೊಳ್ಳುವುದು ಬೇರೆ. ನನ್ನ ಸೋದರತ್ತೆಯೊಬ್ಬರು 80ರ ದಶಕದಲ್ಲಿ ಹೀಗೇ ಬಸ್ಸಿನಲ್ಲಿ ಹೋಗಿ, ಬರೆದಿದ್ದನ್ನು ಓದದೆ ಹೆಬ್ಬೆಟ್ಟು ಒತ್ತಿ ಬಂದರು. ಓದು ಬರುತ್ತಿತ್ತು ಅವರಿಗೆ. "ಓದಿದ್ರೆ ಅಣ್ಣ ಏನಂದ್ಕೋತಾನೆ" ಅಂತ ಸಹಿಯನ್ನೂ ಮಾಡದೆ ಹೆಬ್ಬೆಟ್ಟು ಒತ್ತಿದರಂತೆ. ಅಣ್ಣ ಇರುವವರೆಗೆ ಗೌರಿ ಹಬ್ಬಕ್ಕೆ ಬಾಗಿನ ತಪ್ಪಲಿಲ್ಲ. ಅವರು ಹೋದ ಮೇಲೆ ಒಂದು ವರ್ಷ ಸೂತಕ ಅಂತ ನಿಂತಿದ್ದು ಮತ್ತೆ ಬರಲೇ ಇಲ್ಲ. ಪಾಲು ತೆಗೆದುಕೊಂಡವರ ಕಥೆಯೂ ನನಗೆ ಗೊತ್ತು, ಮುಚ್ಚಿಡುವುದಿಲ್ಲ. ನಮ್ಮ ಬೀದಿಯಲ್ಲೇ ಒಬ್ಬರಿದ್ದಾರೆ. ಆರು ವರ್ಷವಾಯಿತು, ತಮ್ಮ ಇವತ್ತಿಗೂ ಮಾತಾಡಿಲ್ಲ. ಪಾಲೂ ಬೇಕು, ತವರೂ ಹಾಗೇ ಇರಬೇಕು ಅಂದರೆ ಯಾರೂ ಗ್ಯಾರಂಟಿ ಕೊಡಲಾರರು.

ಆದರೂ ನಿಮ್ಮ ತಮ್ಮನ ವಿಷಯದಲ್ಲಿ ನನಗೆ ಸ್ವಲ್ಪ ನಂಬಿಕೆ ಇದೆ. ಆ ಚಪ್ಪಲಿ ನೋಡಿ. ಎರಡು ವರ್ಷ ಅಪ್ಪನ ಚಪ್ಪಲಿ ಕೈಯಲ್ಲಿ ಹಿಡಿದು ಕೂತವನು ಕೆಟ್ಟವನಲ್ಲ. "ನಾನೇ ಎಲ್ಲ ಮಾಡಿದೆ, ತೋಟ ನಂದೇ" ಎಂದು ಅವನೊಳಗೆ ಗಟ್ಟಿಯಾಗಿ ಕೂತಿರಬಹುದು. ಅಕ್ಕಂದಿರ ಹತ್ತಿರ ಕೇಳಲು ನಾಚಿಕೆ, ಅದಕ್ಕೇ ನೇರ ಆಫೀಸಿಗೆ ಕರೆದಿದ್ದಾನೆ. ನೀವು ನಾಚಿಕೆಗೆ ಜ್ವರ ಎಂದಿರಿ, ಅವನು ನಾಚಿಕೆಗೆ ಖಾತೆ ಎಂದ. ಅಕ್ಕ ತಮ್ಮ ಇಬ್ಬರೂ ಒಂದೇ ಥರ!

ಈ ಗುರುವಾರ ಹೋಗಬೇಡಿ. ಇನ್ನೊಂದು ಜ್ವರವೂ ಬೇಡ. ಫೋನ್ ಮಾಡಿ ಇಷ್ಟೇ ಹೇಳಿ: "ಗುರುವಾರ ಬರಲ್ಲಪ್ಪ. ಕಾಗದದ ಫೋಟೊ ವಾಟ್ಸಾಪ್‌ಗೆ ಹಾಕು, ಓದ್ತೀನಿ. ಭಾನುವಾರ ನಾನೇ ಊರಿಗೆ ಬರ್ತೀನಿ, ಅಮ್ಮನ ಮುಂದೆ ಕೂತು ಮಾತಾಡೋಣ." ದೊಡ್ಡಕ್ಕನನ್ನೂ ಕರೆಸಿ. ಯಜಮಾನರನ್ನು ಮನೆಯಲ್ಲೇ ಬಿಟ್ಟು ಹೋಗಿ, ಬೇಜಾರಾದರೂ ಪರವಾಗಿಲ್ಲ. ಅವರು "ಬಿಡಬೇಡ" ಎಂದಿದ್ದು ಸರಿಯೇ. ಅಂದ ಹಾಗೆ, ಅವರ ಅಕ್ಕತಂಗಿಯರಿಗೆ ಪಾಲು ಕೊಟ್ಟಿದ್ದಾರಾ? ಪತ್ರದಲ್ಲಿ ಬರೆದಿಲ್ಲ. ಸುಮ್ನೆ ಕೇಳಿದೆ.

ಭಾನುವಾರ ಮೊದಲು ಡಯಾಲಿಸಿಸ್ ವಿಷಯ ನೀವೇ ಎತ್ತಿ. ಎರಡು ವರ್ಷ ಅವನು ತೋಟ, ಕೆಲಸ ಬಿಟ್ಟು ಓಡಾಡಿದ್ದಕ್ಕೆ ಒಂದು ಬೆಲೆ ಇದೆ, ಅದನ್ನು ಯಾರೂ ಇವತ್ತಿನವರೆಗೆ ಅವನ ಮುಂದೆ ಹೇಳಿರಲಿಕ್ಕಿಲ್ಲ. ಆಮೇಲೆ ಮಗಳ ಫೀಸಿನ ಸಾಲ ಎಷ್ಟಿದೆ ಎಂದು ಹೇಳಿ. ಬೇಡುವ ದನಿ ಬೇಡ, ಅದು ನಿಮ್ಮ ಅಪ್ಪನ ಆಸ್ತಿ. ನನ್ನನ್ನು ಕೇಳಿದರೆ, ಅಜ್ಜನ ಕಾಲದ ಎರಡು ಎಕರೆಯಲ್ಲಿ ನಿಮ್ಮ ಪಾಲನ್ನು ಅವನಿಗೆ ಬಿಡಿ, ಅಪ್ಪ ಕೊಂಡಿದ್ದರಲ್ಲಿ ನಿಮ್ಮ 20 ಗುಂಟೆ ಇಟ್ಟುಕೊಳ್ಳಿ. ಭೂಮಿ ಒಡೆಯುವುದು ಬೇಡ ಎಂದರೆ ಅದರ ಬೆಲೆಯನ್ನು ಎರಡು ಮೂರು ಕಂತಿನಲ್ಲಿ ಕೊಡಲಿ, ಕೊನೆಯ ಕಂತು ಬಂದ ದಿನ ಖುಷಿಯಾಗಿ ಸಹಿ ಹಾಕಿ. ಮಾತುಕತೆಗೆ ಮೊದಲು ಕಾನೂನು ಗಟ್ಟಿ ಮಾಡಿಕೊಳ್ಳಬೇಕೆಂದರೆ ಕೋರ್ಟಿನಲ್ಲಿರುವ ಕಾನೂನು ಸೇವಾ ಪ್ರಾಧಿಕಾರದ ಕಚೇರಿಗೆ ಹೋಗಿ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟಿದ್ದರೂ ಅಲ್ಲಿ ಸಲಹೆ ಉಚಿತ.

ಒಂದು ವಿಷಯದಲ್ಲಿ ಮಾತ್ರ ಜಗ್ಗಬೇಡಿ, ಅದು ಅಮ್ಮನ ಪಾಲು. ನೀವ್ಯಾರೂ ಅದರ ಬಗ್ಗೆ ಮಾತೇ ಎತ್ತಿಲ್ಲ. ಅಮ್ಮ ಎಲ್ಲರ ಬಗ್ಗೆ ಅತ್ತಿದ್ದಾರೆ, ಅವರ ಹೆಸರಿನಲ್ಲಿ ಏನು ಉಳಿಯುತ್ತದೆ ಎಂದು ಯಾರೂ ಕೇಳಿಲ್ಲ. ಅದೇ ಗುರುವಾರ ಅವರ ಸಹಿಯೂ ಇರಬಹುದು. ಅಮ್ಮ ತಮ್ಮ ಪಾಲನ್ನು ಬದುಕಿರುವಾಗಲೇ ಯಾರಿಗೂ ಬರೆದುಕೊಡದಿರುವುದೇ ಒಳ್ಳೆಯದು. ಕೊಟ್ಟೇ ಕೊಡುತ್ತೇನೆ ಎಂದರೆ ದಾನಪತ್ರವಾಗಲಿ, ಅದರಲ್ಲಿ "ಕೊನೆವರೆಗೆ ಊಟ, ಔಷಧ, ಆರೈಕೆ ನೋಡಿಕೊಳ್ಳಬೇಕು" ಎಂಬ ಷರತ್ತು ಬರೆದಿರಲಿ. ಷರತ್ತು ಇದ್ದರೆ, ನಾಳೆ ನೋಡಿಕೊಳ್ಳದಿದ್ದರೆ, 2007ರ ಹಿರಿಯ ನಾಗರಿಕರ ಕಾಯ್ದೆಯಡಿ ಉಪವಿಭಾಗಾಧಿಕಾರಿ ಮುಂದೆ ಹೋಗಿ ಆ ಪತ್ರ ರದ್ದು ಮಾಡಿಸಬಹುದು. ಷರತ್ತು ಬರೆದಿಲ್ಲದಿದ್ದರೆ ಬಲು ಕಷ್ಟ.

ನಿದ್ದೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಒಮ್ಮೆ ಬಿಪಿ ನೋಡಿಸಿಕೊಳ್ಳಿ. ಭಾನುವಾರದ ನಂತರವೂ ನಿದ್ದೆ ಬರದಿದ್ದರೆ 14416ಕ್ಕೆ ಕರೆ ಮಾಡಿ. ಅದು ಸರ್ಕಾರದ ಟೆಲಿ ಮಾನಸ್, ಕನ್ನಡದಲ್ಲೇ ಮಾತಾಡಬಹುದು.

ಊರಿಗೆ ಹೋಗುವಾಗ ಅಮ್ಮನಿಗೆ ಇಷ್ಟವಾದದ್ದು ಏನಾದರೂ ಮಾಡಿಕೊಂಡು ಹೋಗಿ. ತಮ್ಮನಿಗೆ ಆ ಡಬ್ಬಿಯಲ್ಲೇ ಅನ್ನ ಸಾರು ಒಯ್ದರೂ ಆದೀತು. ಆಧಾರ್ ಕಾರ್ಡು ಮಾತ್ರ ಬೀರುವಿನಲ್ಲೇ ಇರಲಿ.